ಅಟ್ಟದಿಂದ ಇಳಿಸಿದ ಪಿಸಿ ಎಕ್ಸ್‌ಟಿ ‘ಟಿಕ್’ ಎಂದು ಸುಮ್ಮನಾದರೆ: ಶಾರ್ಟ್ ಹುಡುಕುವ ಬಗೆ

ಪ್ರಶ್ನೆ: ನಮ್ಮ ತಂದೆ 1988ರಲ್ಲಿ ಅಡಿಕೆ ಮಂಡಿಯ ಲೆಕ್ಕಕ್ಕೆಂದು ಒಂದು ಪಿಸಿ ಎಕ್ಸ್‌ಟಿ ಕಂಪ್ಯೂಟರ್ ತಂದಿದ್ದರು. ಐಬಿಎಂದಲ್ಲ, ಅದೇ ಮಾದರಿಯಲ್ಲಿ ಬೆಂಗಳೂರಿನಲ್ಲಿ ಜೋಡಿಸಿದ್ದು. 20 ಎಂಬಿ ಹಾರ್ಡ್ ಡಿಸ್ಕ್ ಇದೆ. ಸಾಗರದ ಮನೆಯ ಅಟ್ಟದಲ್ಲಿ ಇಪ್ಪತ್ತೈದು ವರ್ಷ ಇದ್ದದ್ದನ್ನು ಈಚೆಗೆ ಇಳಿಸಿ, ಧೂಳು ಹೊಡೆದು, ಸ್ವಿಚ್ ಹಾಕಿದೆ. ‘ಟಿಕ್’ ಎಂದಿತು, ಫ್ಯಾನ್ ಒಂದು ಸಲ ಅಲುಗಿ ನಿಂತಿತು. ಮತ್ತೆ ಹಾಕಿದರೂ ಅಷ್ಟೇ. ಅಂಗಡಿಯವರೊಬ್ಬರು ಎಸ್‌ಎಂಪಿಎಸ್ (ಒಳಗೆ ಕರೆಂಟ್ ಒದಗಿಸುವ ಡಬ್ಬಿ) ಹೋಗಿದೆ, ಹೊಸ ಎಟಿಎಕ್ಸ್ (ಇಂದಿನ ಕಂಪ್ಯೂಟರುಗಳ) ಸಪ್ಲೈಗೆ ಕನ್ವರ್ಟರ್ ಕೇಬಲ್ ಹಾಕಿ ಕೊಡುತ್ತೇನೆ ಎಂದರು. ಪ್ಲಗ್ ಕಿತ್ತು, ಒಳಗಿನ ವೈರ್ ಎಲ್ಲ ಹಾಗೇ ಇರುವಾಗ ಮೀಟರ್ ಇಟ್ಟರೆ ಹಳದಿ–ಕಪ್ಪಿನ ನಡುವೆ 1.1 ಓಮ್, ಕೆಂಪು–ಕಪ್ಪಿನ ನಡುವೆ 38 ಓಮ್ ಬರುತ್ತದೆ. ಎರಡಕ್ಕೂ ಬೀಪ್ ಆಗುತ್ತದೆ. ಎರಡೂ ಶಾರ್ಟೇ? ಸಾಲ್ಡರ್ ಮಾಡಲು ತಕ್ಕಮಟ್ಟಿಗೆ ಬರುತ್ತದೆ. ಡಿಸ್ಕಿನಲ್ಲಿ ತಂದೆಯವರು ವರ್ಡ್‌ಸ್ಟಾರ್ ಎಂಬ ಬರವಣಿಗೆಯ ಸಾಫ್ಟ್‌ವೇರಿನಲ್ಲಿ ಬರೆದ ಪತ್ರಗಳಿವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಒಂದು ವಿನಂತಿ. ಇನ್ನೊಂದು ಸಲ ಸ್ವಿಚ್ ಹಾಕಿ ನೋಡಬೇಡಿ. ನಿಮಗೆ ಬೇಕಾದ ಸುಳಿವು ಆ ಒಂದು ‘ಟಿಕ್’ನಲ್ಲಿ ಸಿಕ್ಕಾಗಿದೆ. ಇನ್ನು ಮುಂದಿನ ಕೆಲಸವೆಲ್ಲ ಪ್ಲಗ್ ಕಿತ್ತಿಟ್ಟು ಮೀಟರಿನಲ್ಲೇ ಆಗುವಂಥದ್ದು.

ನಿಮ್ಮ ಎಸ್‌ಎಂಪಿಎಸ್ ಸತ್ತಿಲ್ಲ ಎಂದೇ ನನಗೆ ಅನಿಸುತ್ತದೆ. ಸತ್ತ ಸಪ್ಲೈ ಫ್ಯಾನನ್ನು ಅಲುಗಿಸುವುದಿಲ್ಲ. ಅದರ 230 ವೋಲ್ಟಿನ ಬದಿಯಲ್ಲಿ ಶಾರ್ಟ್ ಆಗಿದ್ದರೆ ಒಳಗಿನ ಫ್ಯೂಸ್ ಸುಡುತ್ತಿತ್ತು, ಇಲ್ಲವೇ ಮನೆಯ ಎಂಸಿಬಿ ಬೀಳುತ್ತಿತ್ತು. ಹೀಗೆ ಎದ್ದು, ಅರೆಕ್ಷಣದಲ್ಲಿ ಕೂರುವುದು ಕಾವಲಿನ ಲಕ್ಷಣ. ಹೊರಗೆ ಎಲ್ಲೋ ಒಂದು ಲೈನು ಮಿತಿಮೀರಿ ಕರೆಂಟ್ ಎಳೆಯುತ್ತಿದೆ, ಅದನ್ನು ಕಂಡು ಸಪ್ಲೈ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿದೆ.

ನಿಮ್ಮ ಎರಡು ಅಳತೆಗಳೂ ಇದನ್ನೇ ಹೇಳುತ್ತವೆ. ಬೀಪ್ ಸದ್ದನ್ನು ಮಾತ್ರ ನಂಬಬೇಡಿ. ಬಹಳಷ್ಟು ಮೀಟರುಗಳು 30–50 ಓಮ್‌ಗಿಂತ ಕಡಿಮೆ ಇದ್ದರೆ ಸಾಕು, ಬೀಪ್ ಮಾಡುತ್ತವೆ. ತುಂಡಾದ ವೈರ್ ಹುಡುಕಲು ಅದು ಒಳ್ಳೆಯದು, ಇಲ್ಲಿ ದಾರಿ ತಪ್ಪಿಸುತ್ತದೆ. ಕೆಂಪು ವೈರು 5 ವೋಲ್ಟಿನದು. ಮದರ್‌ಬೋರ್ಡಿನ ಹೆಚ್ಚುಕಡಿಮೆ ಎಲ್ಲ ಚಿಪ್ಪುಗಳೂ ಅದರ ಮೇಲೇ ಕೂತಿವೆ, ಎಸ್‌ಎಂಪಿಎಸ್ ಒಳಗಿನ ರೆಸಿಸ್ಟರೂ ಅದಕ್ಕೆ ಸೇರಿದೆ. ಹಾಗಾಗಿ 38 ಓಮ್ ಎಂಬುದು ಸಹಜ, ಅದು ಶಾರ್ಟ್ ಅಲ್ಲ. ಹಳದಿ ವೈರು 12 ವೋಲ್ಟಿನದು, ಅಲ್ಲಿನ 1.1 ಓಮ್ ಖಂಡಿತ ಶಾರ್ಟ್. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ, 0.3–0.4 ಓಮ್ ತೋರಿಸುತ್ತದೆ. ಅದು ಕಡ್ಡಿಗಳ ಪಾಲು. ಕಳೆದರೆ ಉಳಿಯುವುದು ಸುಮಾರು 0.7 ಓಮ್.

ಈಗ ಲೆಕ್ಕ ಹಾಕೋಣ. 12 ವೋಲ್ಟನ್ನು 0.7 ಓಮ್‌ನಿಂದ ಭಾಗಿಸಿದರೆ 17 ಆಂಪಿಯರ್. ಐಬಿಎಂ ಎಕ್ಸ್‌ಟಿಯ 130 ವ್ಯಾಟ್ ಸಪ್ಲೈ 12 ವೋಲ್ಟಿನಲ್ಲಿ ಕೊಡಬಲ್ಲದ್ದೇ 4.2 ಆಂಪಿಯರ್. ನಿಮ್ಮದೂ ಅದರ ಆಸುಪಾಸಿನಲ್ಲೇ ಇರುತ್ತದೆ. ಕೊಡಲಾಗದ್ದಕ್ಕೆ ಅದು ಕೂರುತ್ತಿದೆ. ಅಂಗಡಿಯವರ ಸಲಹೆ ನನಗೆ ಹೆದರಿಕೆ ಹುಟ್ಟಿಸುವುದೂ ಇದೇ ಕಾರಣಕ್ಕೆ. ಇಂದಿನ ಎಟಿಎಕ್ಸ್ ಸಪ್ಲೈಗಳಲ್ಲಿ 12 ವೋಲ್ಟಿನ ಲೈನು 15–20 ಆಂಪಿಯರನ್ನು ಸಲೀಸಾಗಿ ಕೊಡುತ್ತದೆ. ಅಂಥದ್ದನ್ನು ಹಾಕಿದರೆ ಅದು ನಿಲ್ಲುವುದಿಲ್ಲ. ಕಡಲೆಕಾಳಿನಷ್ಟಿರುವ ಒಂದು ಬಿಡಿಭಾಗದಲ್ಲಿ 200 ವ್ಯಾಟ್ ಸುರಿಯುತ್ತದೆ, ಅದು ಉರಿದು ಕೆಳಗಿನ ಬೋರ್ಡನ್ನೂ ಸುಡುತ್ತದೆ. ಸಾಲದ್ದಕ್ಕೆ, ಹೊಸ ಎಟಿಎಕ್ಸ್‌ಗಳಲ್ಲಿ ಎಕ್ಸ್‌ಟಿಯ ಸ್ಲಾಟುಗಳಿಗೆ (ಕಾರ್ಡು ತೂರಿಸುವ ಸಂದುಗಳಿಗೆ) ಬೇಕಾದ ಮೈನಸ್ 5 ವೋಲ್ಟ್ ಇರುವುದೇ ಇಲ್ಲ.

ಮಲೆನಾಡಿನ ತೇವವೇ ಕಾರಣ ಎಂದು ನಿಮಗೆ ಯಾರಾದರೂ ಹೇಳಬಹುದು. ತೇವದಿಂದ ಸಾವಿರಾರು ಓಮ್‌ಗಳ ಸೋರಿಕೆ ಆದೀತು, 0.7 ಓಮ್ ಆಗದು. ಇಲಿ ಮೂತ್ರ ಬಿದ್ದಿದ್ದರೆ ತಾಮ್ರದ ಗೆರೆಗಳು ಹಸಿರುಗಟ್ಟಿ ತಿಂದುಹೋಗುತ್ತವೆ. ಅದು ಬೇರೆಯೇ ರೋಗ, ಅಲ್ಲಿ ದಾರಿ ತುಂಡಾಗುತ್ತದೆಯೇ ಹೊರತು ಕೂಡುವುದಿಲ್ಲ. ಆದರೂ ಬೋರ್ಡನ್ನು ಒಮ್ಮೆ ಕಣ್ಣಿನಿಂದ ಚೆನ್ನಾಗಿ ನೋಡಿಬಿಡಿ.

ಹುಡುಕಾಟಕ್ಕೆ ಬರೋಣ. ಮೊದಲು ಡಿಸ್ಕ್ ಮತ್ತು ಫ್ಲಾಪಿಯ ನಾಲ್ಕು ಪಿನ್ನಿನ ಪವರ್ ಕನೆಕ್ಟರ್ ಬಿಡಿಸಿ, ಮೀಟರ್ ನೋಡಿ. ಆಮೇಲೆ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ, ಎತ್ತಿದಾಗಲೆಲ್ಲ ಮತ್ತೆ ಮೀಟರ್ ನೋಡಿ. ಯಾವ ಕಾರ್ಡು ಯಾವ ಸ್ಲಾಟಿನಲ್ಲಿತ್ತು, ರಿಬ್ಬನ್ ಕೇಬಲ್ಲಿನ ಕೆಂಪು ಅಂಚು ಯಾವ ಕಡೆಗಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಗೆ ಮದರ್‌ಬೋರ್ಡಿಗೆ ಹೋಗುವ ಪಿ8, ಪಿ9 ಎಂಬ ಎರಡು ಕನೆಕ್ಟರ್ ಬಿಡಿಸಿ. ಮತ್ತೆ ಹಾಕುವಾಗ ಎರಡರ ಕಪ್ಪು ವೈರುಗಳೂ ನಡುವೆ ಒಟ್ಟಿಗೆ ಬರಬೇಕು. ಅದಲುಬದಲಾದರೆ ಚಿಪ್ಪುಗಳು ಉಳಿಯುವುದಿಲ್ಲ.

ಈಗ ನಿಮ್ಮ ಮುಂದೆ ಬಿಡಿಬಿಡಿಯಾಗಿ ಎಸ್‌ಎಂಪಿಎಸ್, ಬೋರ್ಡು, ಕಾರ್ಡುಗಳು, ಡ್ರೈವುಗಳು ಇವೆ. 0.7 ಓಮ್ ಇವುಗಳಲ್ಲಿ ಒಂದರ ಜೊತೆಗೆ ಹೋಗಿರಲೇಬೇಕು. ಬೋರ್ಡಿನಲ್ಲಿ ಪಿ8ರ 3ನೇ ಪಿನ್ನು 12 ವೋಲ್ಟ್, 5 ಮತ್ತು 6 ಗ್ರೌಂಡ್, ಅಂದರೆ ಕಪ್ಪು ವೈರಿನ ಕಡೆ. ಕಾರ್ಡಿನಲ್ಲಾದರೆ ಚಿನ್ನದ ಬಣ್ಣದ ಅಂಚಿನ ಮೇಲೆಯೇ ಅಳೆಯಬಹುದು. ಚಿಪ್ಪುಗಳಿಲ್ಲದ ಬದಿ, ಅಂದರೆ ಬಿ-ಸಾಲಿನಲ್ಲಿ, ಹಿಂಬದಿಯ ಲೋಹದ ಪಟ್ಟಿಯ ಕಡೆಯಿಂದ ಎಣಿಸಿದರೆ 9ನೆಯದು 12 ವೋಲ್ಟ್, ಪಕ್ಕದ 10ನೆಯದು ಗ್ರೌಂಡ್. ಡ್ರೈವಿನಲ್ಲಿ ಹಳದಿ ಬರುವ ಪಿನ್ನು ಮತ್ತು ಅದರ ಪಕ್ಕದ್ದು. ಕೆಂಪು ಕಡ್ಡಿ 12 ವೋಲ್ಟಿಗೆ, ಕಪ್ಪು ಗ್ರೌಂಡಿಗೆ ಇಡಿ. ತಿರುಗಿಸಿಟ್ಟರೆ ಚಿಪ್ಪುಗಳ ಒಳಗಿನ ಡಯೋಡುಗಳು ಹರಿಸಿ ಸುಳ್ಳು ಓದು ಬರುತ್ತದೆ. ಅಂಕಿ ಮೆಲ್ಲಗೆ ಏರುತ್ತಿದ್ದರೆ ಕೆಪಾಸಿಟರುಗಳು (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗಗಳು) ತುಂಬಿಕೊಳ್ಳುತ್ತಿವೆ ಎಂದರ್ಥ, ಅದು ನಿಲ್ಲುವವರೆಗೆ ಕಾಯಿರಿ.

ಶಾರ್ಟ್ ಡ್ರೈವಿನಲ್ಲೋ ಕಾರ್ಡಿನಲ್ಲೋ ಸಿಕ್ಕರೆ ಅಲ್ಲಿ ಅಪರಾಧಿಯಾಗಬಲ್ಲವು ಎರಡೋ ಮೂರೋ ಇರುತ್ತವೆ, ಕೆಲಸ ಬೇಗ ಮುಗಿಯುತ್ತದೆ. ಬೋರ್ಡಿನಲ್ಲೇ ಉಳಿದರೆ ಮೊದಲು ಸ್ಕ್ರೂಗಳನ್ನು ಬಿಚ್ಚಿ ಅದನ್ನು ಪೆಟ್ಟಿಗೆಯಿಂದ ಪೂರ್ತಿ ಎತ್ತಿ. ಒಮ್ಮೆ ನನ್ನ ಬಳಿಗೆ ಬಂದಿದ್ದ ಇಂಥದೇ ಯಂತ್ರದಲ್ಲಿ ಅರ್ಧ ದಿನ ಅಳೆದರೂ ಏನೂ ಸಿಗಲಿಲ್ಲ. ಬೋರ್ಡು ಎತ್ತಿದ ಕೂಡಲೇ ಶಾರ್ಟ್ ಮಾಯ. ಹಿತ್ತಾಳೆಯ ಕಂಬದ ಮೇಲೆ ಸ್ಕ್ರೂ ಕೆಳಗಿರಬೇಕಾದ ಕೆಂಪು ಪೇಪರ್ ವಾಷರ್ ಹಪ್ಪಳದಂತೆ ಪುಡಿಯಾಗಿ ಹೋಗಿತ್ತು. ಸ್ಕ್ರೂವಿನ ತಲೆ ಪಕ್ಕದ ಗೆರೆಯ ಹಸಿರು ಲೇಪವನ್ನು ಒರೆಸಿ ತಾಮ್ರ ಮುಟ್ಟಿತ್ತು. ಅಂದಿನಿಂದ ಬೋರ್ಡು ಎತ್ತದೆ ನಾನು ಅಳೆಯಲು ಕೂರುವುದಿಲ್ಲ.

ಎತ್ತಿದ ಮೇಲೂ 0.7 ಓಮ್ ಇದ್ದರೆ ಹೆದರಬೇಡಿ. ಎಕ್ಸ್‌ಟಿ ಬೋರ್ಡಿನ ರಚನೆಯೇ ನಿಮಗೆ ನೆರವಾಗುತ್ತದೆ. 1981ರ ಮೊದಲ ಐಬಿಎಂ ಪಿಸಿಯ ಮೆಮೊರಿ ಚಿಪ್ಪುಗಳಿಗೆ 12 ವೋಲ್ಟ್ ಬೇಕಿತ್ತು. 1983ರ ಎಕ್ಸ್‌ಟಿ ಹೊತ್ತಿಗೆ 5 ವೋಲ್ಟ್ ಮಾತ್ರ ಸಾಕಾಗುವ ಮೆಮೊರಿ ಬಂದಿತ್ತು. ಹಾಗಾಗಿ ಎಕ್ಸ್‌ಟಿ ಬೋರ್ಡಿನಲ್ಲಿ 12 ವೋಲ್ಟ್ ಲೈನು ಕನೆಕ್ಟರಿನಿಂದ ಹೊರಟು ಸ್ಲಾಟುಗಳಿಗೆ ಹೋಗುತ್ತದೆ, ದಾರಿಯಲ್ಲಿ ಕೆಲವು ಕೆಪಾಸಿಟರುಗಳನ್ನು ಮುಟ್ಟುತ್ತದೆ, ಅಷ್ಟೇ. ಚಿಪ್ಪುಗಳೇ ಇಲ್ಲದ ಲೈನಿನಲ್ಲಿ ಶಾರ್ಟ್ ಇದೆ ಎಂದರೆ ಆ ಕೆಪಾಸಿಟರುಗಳನ್ನು ಬಿಟ್ಟು ಬೇರೆ ಯಾರನ್ನು ಅನುಮಾನಿಸುವುದು?

ಅವು ಟ್ಯಾಂಟಲಮ್ ಕೆಪಾಸಿಟರುಗಳು. ಹಳದಿ, ಕಿತ್ತಳೆ, ಕೆಲವೊಮ್ಮೆ ನೀಲಿ ಬಣ್ಣದ, ನೀರಹನಿಯಂಥ ಕಾಳುಗಳು. ಮೇಲೆ ಸಣ್ಣಕ್ಷರದಲ್ಲಿ 10 ಮತ್ತು 16 ಎಂದಿರುತ್ತದೆ, ಅಂದರೆ 10 ಮೈಕ್ರೋಫ್ಯಾರಡ್, 16 ವೋಲ್ಟ್. ತೊಂದರೆ ಇರುವುದು ಆ 16ರಲ್ಲಿ. ಟ್ಯಾಂಟಲಮ್ಮಿಗೆ ಅದರ ಮೇಲೆ ಬರೆದ ವೋಲ್ಟೇಜಿನ ಅರ್ಧಕ್ಕಿಂತ ಹೆಚ್ಚು ಕೊಡಬಾರದು ಎಂಬುದು ಅನುಭವದಿಂದ ಬಂದ ನಿಯಮ. ಅಂದು 16ರದನ್ನು 12ರ ಮೇಲೆ ಹಾಕಿದರು. ಅದರ ಒಳಗೆ ಲೋಹದ ಪುಡಿಯ ಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆ ಇರುತ್ತದೆ, ಅದರ ಮೇಲೆ ಮ್ಯಾಂಗನೀಸ್ ಡೈಆಕ್ಸೈಡ್. ಪೊರೆಯಲ್ಲಿ ದುರ್ಬಲ ಜಾಗವಿದ್ದು ಸ್ವಿಚ್ ಹಾಕಿದಾಗ ಒಮ್ಮೆಲೇ ಕರೆಂಟ್ ನುಗ್ಗಿದರೆ ಅಲ್ಲೇ ತೂತಾಗಿ ಶಾರ್ಟ್ ಆಗುತ್ತದೆ. ಕರೆಂಟ್ ಧಾರಾಳವಾಗಿ ಸಿಕ್ಕರೆ ಹೊತ್ತಿಯೂ ಉರಿಯುತ್ತದೆ, ಏಕೆಂದರೆ ಬಿಸಿಯಾದ ಮ್ಯಾಂಗನೀಸ್ ಡೈಆಕ್ಸೈಡ್ ಆಮ್ಲಜನಕವನ್ನು ತಾನೇ ಒದಗಿಸುತ್ತದೆ. ನಿಮ್ಮ ಹಳೆಯ ಸಪ್ಲೈ ಕೂತಿದ್ದರಿಂದ ಅದು ಉರಿಯದೆ ಉಳಿದಿದೆ. ಆದ್ದರಿಂದ ಹೊರಗಿನಿಂದ ನೋಡಿದರೆ ಏನೂ ಕಾಣದು. ಸುಟ್ಟ ಕಲೆ ಇಲ್ಲವೆಂದು ಕೆಪಾಸಿಟರನ್ನು ಬಿಟ್ಟುಕೊಡಬೇಡಿ.

ಎಲ್ಲ ಕೆಪಾಸಿಟರುಗಳೂ ಒಂದೇ ಲೈನಿಗೆ ಸೇರಿರುವುದರಿಂದ ಯಾವುದರ ಮೇಲೆ ಓಮ್ ಅಳೆದರೂ 0.7 ಆಸುಪಾಸೇ ಬರುತ್ತದೆ. ಕೆಟ್ಟದ್ದು ಯಾವುದೆಂದು ಗೊತ್ತಾಗುವುದು ಹೇಗೆ? ಒಂದೊಂದೇ ಕಿತ್ತು ನೋಡುವವರಿದ್ದಾರೆ. ಮೂವತ್ತೈದು ವರ್ಷ ದಾಟಿದ ಬೋರ್ಡಿನ ತಾಮ್ರದ ಬಿಲ್ಲೆಗಳು ಅಷ್ಟು ಬಿಸಿ ತಡೆಯಲಾರವು, ಎದ್ದು ಬರುತ್ತವೆ. ಅದಕ್ಕಿಂತ ಒಳ್ಳೆಯ ಉಪಾಯ ಹೇಳುತ್ತೇನೆ. ಹಳ್ಳದಲ್ಲಿ ನೀರು ಎಲ್ಲಿ ಇಂಗುತ್ತಿದೆ ಎಂದು ನೋಡಬೇಕಾದರೆ ಸ್ವಲ್ಪ ನೀರು ಹರಿಯಬಿಡಬೇಕಲ್ಲವೇ, ಹಾಗೆ.

ಚಾರ್ಜ್ ಆಗುವ ಒಂದು ಎಎ ಸೆಲ್ ತೆಗೆದುಕೊಳ್ಳಿ, 1.2 ವೋಲ್ಟಿನದು. ಅದರ ಜೊತೆ ಸರಣಿಯಲ್ಲಿ 1 ಓಮ್, 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಸೇರಿಸಿ. ಸೆಲ್ಲಿನ ಪ್ಲಸ್ಸನ್ನು ರೆಸಿಸ್ಟರ್ ಮೂಲಕ ಬೋರ್ಡಿನ ಪಿ8ರ 3ನೇ ಪಿನ್ನಿಗೆ, ಮೈನಸ್ಸನ್ನು 5ನೇ ಪಿನ್ನಿಗೆ ಕೊಡಿ. ತಿರುವುಮುರುವಾಗದಂತೆ ಎರಡು ಸಲ ನೋಡಿಕೊಳ್ಳಿ. 1.2 ವೋಲ್ಟಿನಿಂದ 12 ವೋಲ್ಟ್ ಲೈನಿಗೆ ಯಾವ ಹಾನಿಯೂ ಇಲ್ಲ. ಈಗ ಸುಮಾರು 0.7 ಆಂಪಿಯರ್ ಹರಿದು ಶಾರ್ಟ್ ಆದ ಜಾಗದಲ್ಲಿ ಗ್ರೌಂಡಿಗೆ ಇಳಿಯುತ್ತಿದೆ. ಮೀಟರನ್ನು 200 ಮಿಲಿವೋಲ್ಟಿಗೆ ತಿರುಗಿಸಿ. ಕೆಂಪು ಕಡ್ಡಿಯನ್ನು ಪಿ8ರ 3ನೇ ಪಿನ್ನಿನ ಸಾಲ್ಡರ್ ಮೇಲೆ ಕದಲದಂತೆ ಇಡಿ, ಯಾರನ್ನಾದರೂ ಹಿಡಿದುಕೊಳ್ಳಲು ಕರೆದರೆ ಸುಲಭ. ಕಪ್ಪು ಕಡ್ಡಿಯನ್ನು ಅದೇ 12 ವೋಲ್ಟ್ ಲೈನಿನ ಉದ್ದಕ್ಕೂ ಮುಂದೆ ಮುಂದೆ ಇಡುತ್ತ ಹೋಗಿ. ಪ್ರತಿ ಸ್ಲಾಟಿನ ಬಿ-ಸಾಲಿನ 9ನೇ ಪಿನ್ನಿನ ಸಾಲ್ಡರ್ ಬೋರ್ಡಿನ ಕೆಳಬದಿಯಲ್ಲಿ ಸಾಲಾಗಿ ಸಿಗುತ್ತದೆ.

ತಾಮ್ರದ ಗೆರೆಗೂ ಕಿಂಚಿತ್ ಓಮ್ ಇದೆ. ಕರೆಂಟ್ ಹರಿಯುವಷ್ಟು ದೂರ ಮಿಲಿವೋಲ್ಟ್ ಏರುತ್ತದೆ, ಹರಿಯದ ಕಡೆ ಏರುವುದಿಲ್ಲ. ಈಚೆಗೆ ನಾನು ಸರಿಮಾಡಿದ ಒಂದು ಬೋರ್ಡಿನ ಅಂಕಿಗಳು ನನ್ನ ಪುಸ್ತಕದಲ್ಲಿ ಹೀಗಿವೆ: ಮೊದಲ ಸ್ಲಾಟಿನಲ್ಲಿ 3.2, ಎರಡರಲ್ಲಿ 5.9, ಮೂರರಲ್ಲಿ 8.8, ನಾಲ್ಕರಲ್ಲಿ 9.1, ಅಲ್ಲಿಂದ ಎಂಟರವರೆಗೂ 9.1. ಮೂರು ದಾಟಿದ ಮೇಲೆ ಕರೆಂಟ್ ಮುಂದೆ ಹೋಗಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಇದ್ದದ್ದು ಒಂದೇ ಹಳದಿ ಕಾಳು, ಅದರ ಕಾಲಿನ ಮೇಲೆ 9.1. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಸ್ಲಾಟುಗಳನ್ನು ಲೈನು ಮುಟ್ಟುವ ಕ್ರಮವೂ ಬೇರೆ ಇರಬಹುದು. ನೀವು ಹುಡುಕಬೇಕಾದದ್ದು ಏರಿಕೆ ನಿಲ್ಲುವ ಜಾಗವನ್ನು.

ಸಿಕ್ಕಿತೆಂದು ಕೂಡಲೇ ಬಿಸಿ ಹಚ್ಚಬೇಡಿ. ಸೆಲ್ ತೆಗೆದು, ಕೆಪಾಸಿಟರಿನ ಪ್ಲಸ್ ಕಾಲನ್ನು ಸಣ್ಣ ಕಟರಿನಿಂದ ಕತ್ತರಿಸಿ, ಓಮ್ ನೋಡಿ. ಕೆಲವು ಬೋರ್ಡುಗಳಲ್ಲಿ ಇವುಗಳಿಗೆ ಮೂರು ಕಾಲಿರುತ್ತವೆ, ಆಗ ನಡುವಿನದು ಪ್ಲಸ್. 0.7 ಇದ್ದದ್ದು ಸಾವಿರಗಳಿಗೆ ಜಿಗಿದರೆ ಶಾರ್ಟ್ ಅದೇ. ಆಮೇಲೆ ಕಾಳನ್ನು ಪೂರ್ತಿ ಕತ್ತರಿಸಿ ತೆಗೆದು, ಉಳಿದ ಕಾಲುಗಳನ್ನು ಒಂದೊಂದಾಗಿ ಬಿಸಿಮಾಡಿ ಎಳೆಯಿರಿ. ಗ್ರೌಂಡ್ ಕಡೆಯ ಕಾಲು ಅಗಲವಾದ ತಾಮ್ರಕ್ಕೆ ಸೇರಿದ್ದರಿಂದ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. 25 ವ್ಯಾಟಿನ ಐರನ್ ಹಿಡಿದು ಒಂದು ನಿಮಿಷ ಒತ್ತುವುದಕ್ಕಿಂತ 60 ವ್ಯಾಟಿನದರಲ್ಲಿ ಮೂರ್ನಾಲ್ಕು ಸೆಕೆಂಡು ಮುಟ್ಟಿಸುವುದು ಬೋರ್ಡಿಗೆ ಒಳ್ಳೆಯದು. ಹೊಸ ಸಾಲ್ಡರ್ ಸ್ವಲ್ಪ ಸೇರಿಸಿದರೆ ಹಳೆಯದು ಬೇಗ ಕರಗುತ್ತದೆ. ತೂತು ಮುಚ್ಚಿಕೊಂಡರೆ ಕರಗಿದಾಗ ಮರದ ಹಲ್ಲುಕಡ್ಡಿ ತೂರಿಸಿ.

ಬದಲಿಗೆ 10 ಮೈಕ್ರೋಫ್ಯಾರಡ್, 25 ಅಥವಾ 35 ವೋಲ್ಟಿನ ಟ್ಯಾಂಟಲಮ್ ಹಾಕಿ. ಅದು ಸಿಗದಿದ್ದರೆ ಅದೇ ಅಳತೆಯ ಸಾಧಾರಣ ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಹಾಕಿದರೂ ಈ ಜಾಗಕ್ಕೆ ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ಇಲ್ಲಿ ಎಷ್ಟೋ ಜನ ಎಡವುತ್ತಾರೆ: ಟ್ಯಾಂಟಲಮ್ ಮೇಲಿನ ಗೆರೆ ಪ್ಲಸ್ ಕಡೆಯನ್ನು ತೋರಿಸುತ್ತದೆ, ಎಲೆಕ್ಟ್ರೊಲಿಟಿಕ್ ಮೇಲಿನ ಗೆರೆ ಮೈನಸ್ ಕಡೆಯನ್ನು. ತಿರುಗಿಸಿ ಹಾಕಿದ ಟ್ಯಾಂಟಲಮ್ ಪಟಾಕಿಯಂತೆ ಸಿಡಿಯುತ್ತದೆ.

ಉಳಿದವನ್ನೂ ಬದಲಿಸಬೇಕೇ ಎಂದು ನೀವು ಕೇಳಬಹುದು. ಪ್ಲಸ್ 12 ಮತ್ತು ಮೈನಸ್ 12ರ ಲೈನಿನಲ್ಲಿರುವ 16 ವೋಲ್ಟಿನವನ್ನೆಲ್ಲ ಬದಲಿಸಿ. ಒಂದು ಹೋದಲ್ಲಿ ಇನ್ನೊಂದೂ ಹೋಗುತ್ತದೆ. 5 ವೋಲ್ಟಿನ ಲೈನಿನಲ್ಲಿರುವವಕ್ಕೆ ಮೂರು ಪಟ್ಟು ಅಂತರವಿದೆ, ಅವನ್ನು ಮುಟ್ಟಬೇಡಿ. ಕೆಟ್ಟಿಲ್ಲದ್ದನ್ನು ಕಿತ್ತು ಬೋರ್ಡು ಹಾಳುಮಾಡಿಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಎಸ್‌ಎಂಪಿಎಸ್ ಪರೀಕ್ಷೆ. ಅದರ ಡಬ್ಬಿ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 320 ವೋಲ್ಟಿನಷ್ಟು ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹಿಂಬದಿಯಲ್ಲಿ 115/230 ಎಂಬ ಜಾರುವ ಸ್ವಿಚ್ ಇದ್ದರೆ 230ರಲ್ಲೇ ಇದೆಯೇ ನೋಡಿ, ಒರೆಸುವಾಗ ಕೈತಾಗಿ ಸರಿದಿರುವುದುಂಟು. ಈ ಕಾಲದ ಸಪ್ಲೈಗಳು ಬರಿದಾಗಿ ಏಳುವುದಿಲ್ಲ. ಐಬಿಎಂ ತನ್ನ 130 ವ್ಯಾಟಿನದಕ್ಕೆ 5 ವೋಲ್ಟಿನಲ್ಲಿ ಕನಿಷ್ಠ 2.3 ಆಂಪಿಯರ್, 12ರಲ್ಲಿ 0.4 ಆಂಪಿಯರ್ ಹೊರೆ ಬೇಕೆಂದು ಹೇಳಿತ್ತು. ಎಲ್ಲ ಬಿಡಿಸಿ ಸ್ವಿಚ್ ಹಾಕಿ, ಏಳಲಿಲ್ಲವೆಂದು ಒಳ್ಳೆಯ ಸಪ್ಲೈಯನ್ನು ಗುಜರಿಗೆ ಹಾಕಿದವರು ಎಷ್ಟೋ. ಕೆಂಪು–ಕಪ್ಪಿನ ನಡುವೆ 2.2 ಓಮ್, 25 ವ್ಯಾಟಿನ ರೆಸಿಸ್ಟರ್, ಹಳದಿ–ಕಪ್ಪಿನ ನಡುವೆ 27 ಓಮ್, 10 ವ್ಯಾಟಿನದು ಹಾಕಿ, ಅವನ್ನು ಟೈಲ್ಸ್ ತುಂಡಿನ ಮೇಲಿಡಿ, ಕೈಸುಡುವಷ್ಟು ಬಿಸಿಯಾಗುತ್ತವೆ. ಪರಿಚಯದ ಟಿವಿ ಮೆಕ್ಯಾನಿಕ್ ಇದ್ದರೆ ಅವರ ಸೀರೀಸ್ ಬಲ್ಬ್ ಬೋರ್ಡಿನ (ಕರೆಂಟ್ ಒಂದು ಬಲ್ಬನ್ನು ಹಾದು ಬರುವಂತೆ ಮಾಡಿದ ಬೋರ್ಡಿನ) ಮೂಲಕವೇ ಮೊದಲ ಸಲ ಕರೆಂಟ್ ಕೊಡಿ. 100 ವ್ಯಾಟಿನ ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ, ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೇ ಶಾರ್ಟ್ ಇದೆ, ಆಗ ಅದು ಅವರ ಕೈಗೇ ಹೋಗಲಿ. ಕೆಂಪಿನಲ್ಲಿ 4.8ರಿಂದ 5.25, ಹಳದಿಯಲ್ಲಿ 11.5ರಿಂದ 12.6 ವೋಲ್ಟ್ ಬಂದರೆ ನಿಮ್ಮ ಸಪ್ಲೈ ಗಟ್ಟಿ.

ಅದಾದ ಮೇಲೆ ಬೋರ್ಡು ಮತ್ತು ಸ್ಪೀಕರ್ ಮಾತ್ರ ಸೇರಿಸಿ ಸ್ವಿಚ್ ಹಾಕಿ. ಕನ್ನಡಕ ಹಾಕಿಕೊಳ್ಳಿ, ಮುಖ ಬಗ್ಗಿಸಬೇಡಿ. ಅಟ್ಟದಲ್ಲಿ ಮಲಗಿದ್ದ ಇನ್ನೊಂದು ಟ್ಯಾಂಟಲಮ್ ಮೊದಲ ಗಂಟೆಯಲ್ಲೇ ಸಿಡಿಯುವುದುಂಟು. ಬಹಳಷ್ಟು ಬೋರ್ಡುಗಳು ಡಿಸ್‌ಪ್ಲೇ ಕಾರ್ಡ್ ಇಲ್ಲದಿರುವುದಕ್ಕೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೊಡುತ್ತವೆ. ಆ ಸದ್ದು ಕೇಳಿದರೆ ಪ್ರೊಸೆಸರ್ ಓಡುತ್ತಿದೆ ಎಂದರ್ಥ. ನಂತರ ಪ್ರತಿ ಸಲ ಸ್ವಿಚ್ ಆರಿಸಿ ಒಂದೊಂದೇ ಕಾರ್ಡು ಹಾಕಿ.

ಹಾರ್ಡ್ ಡಿಸ್ಕ್ ಎಲ್ಲಕ್ಕಿಂತ ಕೊನೆಗೆ. ಡಿಸ್ಕನ್ನು ನಡೆಸುವ ಕಂಟ್ರೋಲರ್ ಕಾರ್ಡನ್ನು ಯಾವ ಕಾರಣಕ್ಕೂ ಬೇರೆಯದಕ್ಕೆ ಬದಲಿಸಬೇಡಿ. ಆ ಕಾಲದ ಎಂಎಫ್‌ಎಂ ಎಂಬ ಬಗೆಯ ಡಿಸ್ಕುಗಳಲ್ಲಿ ಡಿಸ್ಕಿನ ಮೇಲಿನ ಗುರುತುಗಳನ್ನು ಬರೆದದ್ದೇ ಆ ಕಾರ್ಡು. ಬೇರೆ ಕಂಪನಿಯ ಕಾರ್ಡು ಸಾಮಾನ್ಯವಾಗಿ ಅವನ್ನು ಓದಲಾರದು. ಕಾರ್ಡಿನಲ್ಲೇ ಶಾರ್ಟ್ ಸಿಕ್ಕಿದ್ದರೂ ಅದನ್ನೇ ರಿಪೇರಿ ಮಾಡಿ. ಡಿಸ್ಕ್ ತಿರುಗಿ ತೆರೆಯ ಮೇಲೆ ಸಿ ಪ್ರಾಂಪ್ಟ್ (C>) ಬಂದರೆ ಏನನ್ನೂ ಅದರ ಮೇಲೆ ಬರೆಯಬೇಡಿ, ಆಟ ಆಡಿಸಿ ನೋಡಬೇಡಿ. ಆ ಒಂದು ಸಲವೇ ಕೊನೆಯ ಸಲವಾಗಬಹುದು ಎಂದುಕೊಂಡು ತಂದೆಯವರ ಫೈಲುಗಳನ್ನು ಫ್ಲಾಪಿಗೋ, ಸೀರಿಯಲ್ ಪೋರ್ಟಿನ ಮೂಲಕ ಇನ್ನೊಂದು ಕಂಪ್ಯೂಟರಿಗೋ ತೆಗೆದುಕೊಳ್ಳಿ. ಅಲ್ಲಿ ಪತ್ರಗಳನ್ನು ತೆರೆದಾಗ ಪ್ರತಿ ಪದದ ಕೊನೆಯ ಅಕ್ಷರ ವಿಚಿತ್ರ ಚಿಹ್ನೆಯಾಗಿ ಕಂಡರೆ ಗಾಬರಿ ಬೇಡ. ವರ್ಡ್‌ಸ್ಟಾರ್ ಪದದ ಕೊನೆಯ ಅಕ್ಷರದಲ್ಲಿ ಎಂಟನೇ ಬಿಟ್ (ಅಕ್ಷರದ ಸಂಕೇತದ ಎಂಟು 0–1ಗಳಲ್ಲಿ ಮೇಲಿನದು) ಏರಿಸಿ, ಅಂದರೆ 1 ಮಾಡಿ, ಬರೆಯುತ್ತಿತ್ತು. ಆ ಬಿಟ್ ಇಳಿಸಿದರೆ ಅವರು ಬರೆದದ್ದು ಬರೆದ ಹಾಗೇ ಓದಲು ಸಿಗುತ್ತದೆ.